ಬಿಚ್ಚುವ ಮೊದಲು ಒಂಚೂರು ಬಿಗಿ

ನಮ್ಮ ಬೀದಿಯ ಕಾರ್ ಮೆಕ್ಯಾನಿಕ್ಕಿಗೆ ಜೋರು ಮಾಡುವವರನ್ನು ಕಂಡರಾಗದು. ಆಯಿಲ್ ಪೈಪಿನ ನಟ್ಟು ತುಕ್ಕು ಹಿಡಿದು ಹಟಕ್ಕೆ ಬಿದ್ದಿದೆಯೆಂದು ಯಾರಾದರೂ ಕಟಿಂಗ್ ಪ್ಲೇಯರ್ ಎತ್ತಿಕೊಂಡರೆ, "ಮೂಲೆ ಸವೆದ್ರೆ ಬ್ರಹ್ಮ ಬಂದ್ರೂ ಬಿಚ್ಚಕ್ಕಾಗಲ್ಲ, ಕೆಳಗಿಡಿ" ಎನ್ನುತ್ತಾರೆ. ಆಮೇಲೆ ಗೋಡೆಗೆ ನೇತುಹಾಕಿದ ನಲವತ್ತು ಸ್ಪ್ಯಾನರುಗಳ ಮುಂದೆ, ಎಕ್ಸ್‌ರೇ ನೋಡುವ ಡಾಕ್ಟರಂತೆ, ಕೈ ಹಿಂದೆ ಕಟ್ಟಿ ನಿಲ್ಲುತ್ತಾರೆ. ಬಾಯಿ ತೆರೆದ ಸ್ಪ್ಯಾನರ್ ಜಾರುತ್ತದೆ. ಸುತ್ತ ಮುಚ್ಚಿದ ರಿಂಗ್ ಸ್ಪ್ಯಾನರ್ ಹಾಕೋಣವೆಂದರೆ ಪೈಪು ಅಡ್ಡ. ಕೊನೆಗೆ ಕೈಗೆ ಬರುವುದು ಯಾವಾಗಲೂ ಒಂದೇ: ರಿಂಗಿಗೆ ಪೈಪು ತೂರುವಷ್ಟು ಸೀಳು ಕೊಯ್ದು ತಾವೇ ಮಾಡಿಕೊಂಡ ಸ್ಪ್ಯಾನರ್. ಅದನ್ನು ಕೂರಿಸಿದ ಮೇಲೂ ಆತುರವಿಲ್ಲ. ನಟ್ಟಿಗೆ ಎಣ್ಣೆ ಬಿಟ್ಟು, ಟೀ ಕುಡಿದು ಬಂದು, ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಿರುಗಿಸುತ್ತಾರೆ. "ಅದರ ಹಟಾನೇ ಸರಿ ಅಂತ ಒಂದ್ಸಲ ಒಪ್ಕೋಬೇಕು ಸಾರ್, ಆಮೇಲೆ ಅದೇ ಬಿಡತ್ತೆ." ಇದು ಕೆಲಸ ಎಳೆಯುವ ಉಪಾಯವೆಂದೇ ನಾನು ತಿಳಿದಿದ್ದೆ. ಮೊನ್ನೆ ಬೆಳಿಗ್ಗೆ ಕಾರಿನ ಕೀ ಕೊಡಲು ಅವರ ಮನೆಗೆ ಹೋದೆ. ಪಾರ್ಶ್ವವಾಯು ಹೊಡೆದ ಹೆಂಡತಿಯ ಬಲಗೈ ಮುಷ್ಟಿ ಎರಡು ವರ್ಷದಿಂದ ತಾನಾಗಿ ಬಿಚ್ಚಿಲ್ಲವಂತೆ. ಅದಕ್ಕೆ ಬಿಸಿನೀರಿನ ಬಟ್ಟೆ ಸುತ್ತಿ ಅವರು ಕಾಯುತ್ತಿದ್ದರು. ಬೆರಳುಗಳನ್ನು ಎಳೆಯಲಿಲ್ಲ, ಮುಷ್ಟಿಯನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ಮೊದಲು ಒಳಮುಖವಾಗಿಯೇ ಮೆಲ್ಲಗೆ ಒತ್ತಿದರು. "ಹೊತ್ತಾಯ್ತು, ಗ್ಯಾರೇಜಿಗೆ ಹೊರಡಿ" ಎಂದರು ಆಕೆ. "ಆಗ್ಲಿ ಬಿಡೆ" ಎಂದರು. ಬೆರಳುಗಳು ಒಂದೊಂದಾಗಿ ಸಡಿಲವಾದವು. ಕಿರುಬೆರಳು ಮಾತ್ರ ಒಪ್ಪಲಿಲ್ಲ. ಅವರು ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದರು.