ಅಕ್ಕ ತೆಗೆದ ಕಲ್ಲು

ಅಕ್ಕನ ಬೆರಳುಗಳು ಎಲ್ಲವೂ ಇದ್ದ ಜಾಗದಲ್ಲೇ ಇವೆ. ಅದಕ್ಕೇ ಇರಬೇಕು, ಆ ದಿನದ ಮಾತು ಬಂದಾಗ ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಈಗಲೂ ಯಾರಾದರೂ ಕಾರು ನಿಲ್ಲಿಸಿ ಇಳಿದರೆ, ಗಾಲಿಯ ಮುಂದೆ ಯಾರಾದರೂ ಕೂತಿದ್ದಾರೆಯೇ ಎಂದು ಮೊದಲು ನೋಡುತ್ತೇನೆ.

ಲಕ್ಷ್ಮೇಶ್ವರದಲ್ಲಿ ಕಾಳಿನ ಅಂಗಡಿ ಇಟ್ಟಿರುವ ಭಾವ, ಅಂದರೆ ಅಕ್ಕನ ಗಂಡ, ಗದಗ-ಬೆಟಗೇರಿಯ ಒಬ್ಬ ಡೀಲರನ ಹತ್ತಿರ ಬಳಸಿದ ಕಾರು ಕೊಂಡಿದ್ದರು. ಅವರ ಮೊದಲಿನ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಎಂದರೆ ಸೀಟುಗಳ ನಡುವಿನ ಕಬ್ಬಿಣದ ಹಿಡಿ. ಕರಕರ ಎಂದು ಎಳೆದರೆ ಬಿತ್ತೋ ಇಲ್ಲವೋ ಕೈಗೇ ಗೊತ್ತಾಗುತ್ತಿತ್ತು. ಇದರಲ್ಲಿ ಗೇರಿನ ಹಿಂದೆ ಹೆಬ್ಬೆರಳಗಲದ ಒಂದು ಗುಂಡಿ, ಅಷ್ಟೇ. ಡೀಲರ್ ನಮ್ಮನ್ನು ಕೂರಿಸಿಕೊಂಡು ಹಾಡು ಹಚ್ಚಿ ತೋರಿಸಿದ, ಮೇಲಿನ ಗಾಜು ಸರಿಸಿ ಆಕಾಶ ತೋರಿಸಿದ. ಗುಂಡಿಯ ಬಗ್ಗೆ ಕೇಳಿದ್ದಕ್ಕೆ, "ಅದೇನ್ ದೊಡ್ಡದಲ್ರಿ ಸಾವಕಾರ್ರ, ಓಡಸ್ತ ಓಡಸ್ತ ರೂಢಿ ಆಕ್ಕೈತಿ" ಎಂದು ತಾನೇ ಅದನ್ನು ಏನೋ ಮಾಡಿ ಗಾಡಿ ಬಿಟ್ಟುಕೊಟ್ಟ. ಯಾರ ಮೈಮೇಲೆ ರೂಢಿ ಮಾಡಿಕೊಳ್ಳಬೇಕು ಎಂದು ಹೇಳಲಿಲ್ಲ.

ಭಾವನ ಮನೆತನದಲ್ಲಿ ಎತ್ತಿನ ಚಕ್ಕಡಿಯ ಕಾಲದಿಂದ ಬಂದ ಪದ್ಧತಿ ಒಂದಿದೆ. ಹೊಸದಾಗಿ ತಂದ ಗಾಡಿ ಮನೆ ಕಾಣುವ ಮೊದಲು ಹೊಳೆ ಕಾಣಬೇಕು. ಹೀಗಾಗಿ ಎಲ್ಲಿಯೂ ನಿಲ್ಲಿಸದೆ ಮುಂಡರಗಿ ದಾಟಿ ಹಮ್ಮಿಗಿಗೆ ಹೋದೆವು. ತುಂಗಭದ್ರೆಗೆ ಇಳಿಯುವ ದಾರಿಯಲ್ಲಿ, ಟ್ರ್ಯಾಕ್ಟರ್ ತೊಳೆಯುವ ಜಾಗದ ಮೇಲ್ಗಡೆ ಭಾವ ಕಾರು ನಿಲ್ಲಿಸಿ ಗುಂಡಿಯನ್ನು ಕೆಳಕ್ಕೆ ಒತ್ತಿದರು. ಮನೆಯಲ್ಲಿ ದೀಪದ ಗುಂಡಿ ಕೆಳಕ್ಕೆ ಒತ್ತಿದರೆ ಹತ್ತುತ್ತದೆ, ಫ್ಯಾನು ತಿರುಗುತ್ತದೆ. ಅವರ ಬೆರಳಿಗೆ ಗೊತ್ತಿದ್ದದ್ದು ಅಷ್ಟೇ. ಗೇರು ನ್ಯೂಟ್ರಲಿಗೆ ತಂದು, ಎಂಜಿನ್ ಬಂದ್ ಮಾಡದೆ, ವಿಡಿಯೊ ತೆಗೆಯಲು ಮೊಬೈಲ್ ಹಿಡಿದು ಇಳಿದರು. ಕಾರು ಅಲುಗಲಿಲ್ಲ. ಅದನ್ನು ಹಿಡಿದಿದ್ದದ್ದು ಬ್ರೇಕಲ್ಲ, ಮುಂದಿನ ಎಡಗಾಲಿಗೆ ಅಡ್ಡ ಸಿಕ್ಕ ಒಂದು ಕಲ್ಲು ಎಂಬುದು ನಮಗೆ ಆಮೇಲೆ ತಿಳಿಯಿತು.

ಅಕ್ಕ ಕುಂಕುಮ ಹಚ್ಚಿದಳು, ಕಾಯಿ ಒಡೆದಳು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುತ್ತ ಎಡಗಾಲಿಗೆ ಬಂದಾಗ ಕಲ್ಲು ಅಡ್ಡವಾಯಿತು. ಎರಡೂ ಕೈಯಿಂದ ಅಲುಗಿಸಿ ಕಿತ್ತು ಪಕ್ಕಕ್ಕೆ ಇಟ್ಟು, ಅಲ್ಲಿ ಹಣ್ಣು ಇಡಲು ಕೈ ಒಳಗೆ ಹಾಕಿದಳು.

"ಜರಾ ತಲಿ ಎತ್ತ, ಮಾರಿ ಕಾಣವಲ್ದು" ಎಂದರು ಭಾವ, ಕಣ್ಣು ಮೊಬೈಲಿನಲ್ಲಿಟ್ಟು.

ಅಕ್ಕ ತಲೆ ಎತ್ತಿ ಮೊಬೈಲಿಗೆ ಮುಖ ತೋರಿಸಿದಳು. ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ ಕಂಡಿದ್ದು ಗಾಲಿ. ಸದ್ದೇ ಇಲ್ಲದೆ, ಹಸಿದ ಎಮ್ಮೆ ಮೇವಿಗೆ ಬಾಯಿ ಹಾಕಿದ ಹಾಗೆ, ಅದು ಅವಳ ಬಳೆಗಳ ಕಡೆಗೆ ಹೊರಳಿತು. "ಅಕ್ಕಾ, ಕೈ" ಎಂದೆ. ಎಂದೆನೋ, ಗಂಟಲಲ್ಲೇ ಉಳಿಯಿತೋ, ಇವತ್ತಿಗೂ ಖಚಿತವಿಲ್ಲ. ಹಣ್ಣಿನ ರಸ ಮಣಿಕಟ್ಟಿಗೆ ಸಿಡಿದಾಗ ಅವಳು ಕೈ ಎಳೆದುಕೊಂಡು ಪಕ್ಕಕ್ಕೆ ಬಿದ್ದಳು. ಸೆರಗು ಗಾಲಿಯಡಿ ಸಿಕ್ಕು ಪರ್ ಎಂದು ಹರಿಯಿತು. ಕಾರು ಹೋಗಿ ನೀರಂಚಿನ ಕೆಸರಿನಲ್ಲಿ ಮೂತಿ ಇಟ್ಟು ನಿಂತಿತು.

ಟ್ರ್ಯಾಕ್ಟರ್ ತೊಳೆಯುತ್ತಿದ್ದವನು ಹಗ್ಗ ಕಟ್ಟಿ ಎಳೆದುಕೊಟ್ಟ. "ಹೊಳಿ ಕಂಡ ಕೂಡ್ಲೆ ಈಜಾಕ ಹೊಂಟಿತ್ತಲ್ರಿ ನಿಮ್ಮ ಗಾಡಿ" ಎಂದು ನಕ್ಕ. ಭಾವನೂ ನಕ್ಕರು. ಅಕ್ಕ ಸೆರಗಿನ ತುಂಡಿನಿಂದ ಮಣಿಕಟ್ಟಿನ ರಸ ಒರೆಸಿಕೊಳ್ಳುತ್ತಿದ್ದಳು.

ನಾನು ಡೀಲರನಿಗೆ ಫೋನ್ ಮಾಡಿದೆ. "ಮ್ಯಾಲೆ ಎತ್ತಿದ್ರ ಹಿಡೀತೈತಿ, ಕೆಂಪ ದೀಪ ಹತ್ತತೈತಿ. ಕೆಳಗ ಒತ್ತಿದ್ರ ಬಿಡತೈತಿ. ಇಷ್ಟರಿ" ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಕಲ್ತವ್ರಿದ್ದೀರಿ, ಗೊತ್ತಿರತೈತಿ ಅನ್ಕೊಂಡ್ನಿರಿ." ಎರಡು ಮಾತಿನ ಕೆಲಸ. ಹಾಡು ಹಚ್ಚಲು ಅವನಿಗೆ ಪುರಸೊತ್ತಿತ್ತು.

ಆದರೆ ನನ್ನ ಮೈ ನಿಜವಾಗಿ ಉರಿದದ್ದು ಶಿರಹಟ್ಟಿಯ ಚಹಾದಂಗಡಿಯಲ್ಲಿ. ಕಾರಿನ ಕೆಸರು ನೋಡಿ ಪರಿಚಯದ ವ್ಯಾಪಾರಿಯೊಬ್ಬರು ಏನಾಯಿತೆಂದು ಕೇಳಿದರು. "ಏನಿಲ್ಲ, ಇಕಿ ಗಾಲಿ ಮುಂದಿನ ಕಲ್ಲ ತಗದ್ಲು" ಎಂದರು ಭಾವ. ಗುಂಡಿಯ ಸುದ್ದಿಯೇ ಇಲ್ಲ. ವ್ಯಾಪಾರಿ ಅಕ್ಕನ ಕಡೆ ತಿರುಗಿ, "ಕಲ್ಲ ಯಾಕ ಮುಟ್ಟಾಕ ಹೋದ್ರಿ ಅಕ್ಕಾರ, ಗಂಡಸರು ಇದ್ರಲ್ಲ" ಎಂದರು. ಕಾರನ್ನು ತಡೆದು ನಿಲ್ಲಿಸುವುದು ದಾರಿಯ ಕಲ್ಲಿನ ಹೊಣೆಯೇ? ಅದನ್ನು ಸರಿಸಿದವಳು ತಪ್ಪಿತಸ್ಥೆ, ಬ್ರೇಕ್ ಬಿಟ್ಟು ಇಳಿದವರು ಪಾಪ ಹೊಸಬರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮೊಣಕೈ ಒತ್ತಿ ತಡೆದಳು.

ಲಕ್ಷ್ಮೇಶ್ವರದ ಮನೆ ಮುಂದೆ ಕಾರು ನಿಂತಿತು. ಭಾವ ಈ ಸಲ ಗುಂಡಿ ಎತ್ತಿದರು. ಕೆಂಪು ದೀಪ ಹತ್ತಿತು. "ನೋಡ, ಹಿಡದೈತಿ. ಇಳಿ."

"ನೀವು ಇಳೀರಿ ಮೊದ್ಲ" ಎಂದಳು ಅಕ್ಕ.

ಇಳಿದರು.

"ಎಡಗಾಲಿ ಮುಂದ ಹೋಗಿ ಕುಂಡ್ರಿ."

"ಹುಚ್ಚಿ ಏನ ನೀ? ಓಣ್ಯಾಗ ಮಂದಿ ನೋಡ್ತಾರ."

"ಹೊಳಿ ದಂಡ್ಯಾಗೂ ಮಂದಿ ಇದ್ರು. ಕುಂಡ್ರಿ. ಇಲ್ಲಾಂದ್ರ ನಾ ಈ ಗಾಡಿ ಇಳಿಯೂದಿಲ್ಲ."

ಭಾವ ನನ್ನ ಕಡೆ ನೋಡಿದರು, ನಗಲಿ ಎಂದು. ನಾನು ನಗಲಿಲ್ಲ. ಕಟ್ಟೆಯ ಮೇಲೆ ಕೂತಿದ್ದವರು ಇತ್ತ ತಿರುಗಿದರು. ಭಾವ ಪ್ಯಾಂಟು ಮೇಲೆಳೆದುಕೊಂಡು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

ಅಕ್ಕ ಕಿಟಕಿಯಿಂದ ಬಗ್ಗಿ ನೋಡಿದಳು. "ಜರಾ ತಲಿ ಎತ್ರಿ, ಮಾರಿ ಕಾಣವಲ್ದು."

ಭಾವ ತಲೆ ಎತ್ತಲಿಲ್ಲ. ಅವರ ಕಣ್ಣು ಗಾಲಿಯ ಮೇಲೇ ಇತ್ತು.