ಸಂಬಳವನ್ನೂ ಇಳಿಸಿ ಬಂದ ಚೌಕಾಶಿ ಅಕ್ಕ

ನಮ್ಮ ಕಾರ್ಖಾನೆಯ ಚೌಕಾಶಿ ಅಕ್ಕನ ಬಗ್ಗೆ ಯಾಕೆ ಬರೆಯಬೇಕು ಅಂದರೆ, ಇಪ್ಪತ್ತೆರಡು ವರ್ಷ ಪೇಟೆಯಲ್ಲೆಲ್ಲ ನಮಗಾಗಿ ಬೆಲೆ ಇಳಿಸಿದವರು ತಮಗಾಗಿ ಒಂದು ಸಲವೂ ಏರಿಸಿ ಕೇಳಿದವರಲ್ಲ. ಕೇಳಲೇಬೇಕಾದ ದಿನ ಬಂದಾಗ ಏನಾಯಿತು ಅನ್ನುವುದನ್ನು ಅರ್ಧ ಕಣ್ಣಾರೆ ಕಂಡೆ, ಅರ್ಧ ಅವರ ಬಾಯಿಂದಲೇ ಕೇಳಿದೆ. ನಾನು ಅಲ್ಲಿ ಪಾಲಿಶ್ ಹಾಕುವವನು. ಬರೆದು ಅಭ್ಯಾಸವಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಮ್ಮದು ಕುರ್ಚಿ, ಮೇಜು, ಬೀರು ಮಾಡುವ ಜಾಗ. ಹನ್ನೊಂದು ಜನ ಇದ್ದೇವೆ. ಸ್ಕ್ರೂ, ಅಂಟು, ಮರ ಉಜ್ಜುವ ಉಪ್ಪು ಕಾಗದ, ಪ್ಲೈವುಡ್ ಎಲ್ಲ ಕೊಂಡು ತರುವುದು ಅಕ್ಕ. ಅಂಗಡಿಯವರು ಬೆಲೆ ಹೇಳಿ ಮುಗಿಸುವ ಮೊದಲೇ ಅವರ ಬಾಯಿ ತಾನಾಗಿ "ಜಾಸ್ತಿ ಆಯ್ತು" ಅನ್ನುತ್ತದೆ. ಆಮೇಲೆ ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿಕೊಂಡು ಸುಮ್ಮನೆ ನಿಂತುಬಿಡುತ್ತಾರೆ. ಆ ಮೌನ ತಡೆಯಲಾರದೆ ಅಂಗಡಿಯವರೇ ಇಳಿಯುತ್ತಾರೆ. ಬೀಗ ಮಾರುವ ಮುದುಕ ಒಂದು ದಿನ ಇವರು ಬರುವುದನ್ನು ದೂರದಿಂದ ಕಂಡು ಶಟರ್ ಅರ್ಧ ಎಳೆದಿದ್ದನಂತೆ. ಅಕ್ಕ ಬಗ್ಗಿ ಒಳಗೆ ಹೋದರು.

ಅವರದೇ ಎರಡು ಕಟ್ಟಳೆ ಇವೆ. ಏನೇ ಕೊಳ್ಳಲಿ, ಮೂರು ಅಂಗಡಿಯಿಂದ ಕೊಟೇಶನ್ ತರಬೇಕು. ಎಲ್ಲಕ್ಕಿಂತ ಕಡಿಮೆ ಬೆಲೆ ಸಿಕ್ಕ ಮೇಲೆ, ಆ ಬೆಲೆಗೆ ಕೊಡುತ್ತೀರಾ ಎಂದು ಹಳೆ ಅಂಗಡಿಯವರನ್ನು ಮೊದಲು ಕೇಳಬೇಕು.

ಮನೆಯಲ್ಲಿ ಅಕ್ಕ ಮತ್ತು ಅವರ ತಾಯಿ, ಇಬ್ಬರೇ. ಮೂರನೇ ಮಹಡಿ. ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಎಂಟು ತಿಂಗಳು ಕೆಳಗಿಳಿದಿರಲಿಲ್ಲ. ಆ ಅಮ್ಮನಿಗೆ ಅನ್ನ ಇಲ್ಲದಿದ್ದರೂ ನಡೆಯುತ್ತದೆ, ಮಾತಾಡಲು ಜನ ಬೇಕು. ಕಿಟಕಿಯಿಂದ ಕಾಣುತ್ತಿದ್ದದ್ದು ಎದುರು ತಾರಸಿಯ ನೀರಿನ ಟ್ಯಾಂಕ್ ಒಂದೇ. ಆ ಟ್ಯಾಂಕಿನ ಮುಚ್ಚಳ ಯಾವ ದಿನ ಎಷ್ಟು ವಾರೆಯಾಗಿತ್ತು ಅಂತ ಅಕ್ಕ ಮನೆಗೆ ಬಂದ ಕೂಡಲೇ ಅಮ್ಮ ವರದಿ ಒಪ್ಪಿಸುತ್ತಿದ್ದರಂತೆ.

ಎರಡು ಬೀದಿ ಆಚೆ ನೆಲಮಹಡಿಯಲ್ಲಿ ಮನೆಯೊಂದು ಖಾಲಿಯಾಯಿತು. ಬಾಗಿಲು ತೆಗೆದರೆ ರಸ್ತೆ. ಬಾಡಿಗೆ ಮಾತ್ರ ಈಗಿನದಕ್ಕಿಂತ ಎಂಟು ಸಾವಿರ ಹೆಚ್ಚು. ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದು ಆ ಮನೆಯ ಮಾಲೀಕರು ಹೇಳಿದರು. ಅಕ್ಕನ ಸಂಬಳ ಹದಿನೆಂಟು ಸಾವಿರ. ಅದರಲ್ಲಿ ಎಂಟು ಎಲ್ಲಿಂದ ಬರಬೇಕು?

ಅದೇ ವಾರ ಊರಾಚೆಯ ದೊಡ್ಡ ಗಾಜಿನ ಫರ್ನಿಚರ್ ಷೋರೂಮಿನವರು ಅಕ್ಕನಿಗೆ ಹೇಳಿ ಕಳಿಸಿದರು. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋದರು. ಮ್ಯಾನೇಜರ್ ಕೂರಿಸಿ, ಕಾಫಿ ಕೊಟ್ಟು, ಖರೀದಿ ನೋಡಿಕೊಳ್ಳೋಕೆ ನೀವು ನಮ್ಮಲ್ಲಿಗೆ ಬರಬೇಕು, ತಿಂಗಳಿಗೆ ಮೂವತ್ತು ಸಾವಿರ ಕೊಡ್ತೀವಿ ಅಂದರು.

"ಜಾಸ್ತಿ ಆಯ್ತು" ಅಂದರು ಅಕ್ಕ.

ಮ್ಯಾನೇಜರ್ ಕಕ್ಕಾಬಿಕ್ಕಿ. ಅಷ್ಟು ಹೊತ್ತಿಗೆ ಅಕ್ಕನ ಬಾಯಿ ತನ್ನ ದಾರಿ ಹಿಡಿದಾಗಿತ್ತು. "ಇಪ್ಪತ್ತೆರಡಕ್ಕೆ ಮಾಡ್ಕೊಳ್ಳಿ" ಎಂದು ಸೇರಿಸಿತು. ಆತ ಬರೆದುಕೊಂಡರು. ಬರೆದುಕೊಳ್ಳದೆ ಇರಲು ಆತನಿಗೇನು ತಲೆ ಕೆಟ್ಟಿತ್ತೇ?

ಬಸ್ಸಿನಲ್ಲಿ ಮನೆಗೆ ಬರುವಾಗ, ಮೂರನೇ ನಿಲ್ದಾಣ ದಾಟಿದ ಮೇಲೆ, ತಾನು ಏನು ಮಾಡಿದೆ ಅಂತ ಅಕ್ಕನಿಗೆ ಹೊಳೆಯಿತಂತೆ. ತಾಯಿ ಎಲ್ಲ ಕೇಳಿಸಿಕೊಂಡು ಟ್ಯಾಂಕಿನ ಕಡೆ ತಿರುಗಿದರು.

"ಇನ್ನೊಂದು ಗಳಿಗೆ ಕೂತಿದ್ರೆ ನೀನೇ ಅವರಿಗೆ ಸಂಬಳ ಕೊಟ್ಟು ಬರ್ತಿದ್ದೆ ಕಣೇ" ಅಂದರು.

ನಾಲ್ಕು ಸಾವಿರ ಹೆಚ್ಚು ಸಿಗುತ್ತದೆ, ಅದರಲ್ಲಿ ಒಂದು ಬಸ್ಸಿಗೆ ಹೋಗುತ್ತದೆ. ಮನೆಗೆ ಸಾಲದು. ಆದರೂ ಇಲ್ಲಿಗಿಂತ ವಾಸಿ ಎಂದು ಅಕ್ಕ ಮರುದಿನ ಯಜಮಾನರ ಕೋಣೆಗೆ ಹೋಗಿ, ತಿಂಗಳ ಕೊನೆಗೆ ಬಿಡುತ್ತೇನೆ ಅಂದರು. ಯಾಕೆ ಎಂದು ಹೇಳಲಿಲ್ಲ, ಎಷ್ಟು ಸಂಬಳಕ್ಕೆ ಎಂದೂ ಹೇಳಲಿಲ್ಲ. ನಾನು ಆ ಕೋಣೆಯ ಬಾಗಿಲಿಗೆ ಪಾಲಿಶ್ ಹಾಕುತ್ತಿದ್ದೆ. ಆ ವಾರ ಆ ಬಾಗಿಲಿಗೆ ಬೇಕಾದ್ದಕ್ಕಿಂತ ಎರಡು ಕೈ ಹೆಚ್ಚೇ ಬಿತ್ತು.

ಯಜಮಾನರು ಕೆಟ್ಟವರಲ್ಲ. ಕೇಳದವರಿಗೆ ಕೊಟ್ಟು ಅಭ್ಯಾಸವಿಲ್ಲ, ಅಷ್ಟೆ. ಅವರು ಮುಖ ಸಣ್ಣ ಮಾಡಿಕೊಂಡು, ಹೋಗುವುದಾದರೆ ನಿನ್ನ ಜಾಗಕ್ಕೆ ಯಾರನ್ನಾದರೂ ನೀನೇ ನೋಡಿ ಗೊತ್ತು ಮಾಡು, ಸಂಬಳ ನೀನೇ ಮಾತಾಡು, ನನಗೆ ಅದೆಲ್ಲ ಬರುವುದಿಲ್ಲ ಅಂದರು. ಅಕ್ಕ ಸರಿ ಎಂದು ಪೆನ್ಸಿಲ್ ತೆಗೆದುಕೊಂಡು ಹೊರಟರು, ಅಂಟು ತರಲು ಹೊರಡುವ ಹಾಗೆಯೇ.

ನಾಲ್ಕು ದಿನದಲ್ಲಿ ಮೂರು ಜನರನ್ನು ಕಂಡರು. ಕಬ್ಬಿಣದಂಗಡಿಯ ಗುಮಾಸ್ತ ಮೂವತ್ತೆರಡು ಕೇಳಿದ. ಅಕ್ಕ ಅವನನ್ನು ಬೆವರಿಳಿಸಿ ಇಪ್ಪತ್ತೆಂಟಕ್ಕೆ ತಂದರು. ಆಸ್ಪತ್ರೆಯ ಉಗ್ರಾಣ ನೋಡಿಕೊಂಡು ನಿವೃತ್ತರಾದ ಒಬ್ಬರು ಇಪ್ಪತ್ತೇಳಕ್ಕೆ ಒಪ್ಪಿದರು, ಮಧ್ಯಾಹ್ನ ಅರ್ಧ ಗಂಟೆ ನಿದ್ದೆ ಬಿಡುವುದಿಲ್ಲ ಎಂಬ ಷರತ್ತಿನ ಮೇಲೆ. ಬಣ್ಣದಂಗಡಿಯ ಚುರುಕು ಹುಡುಗಿ ಇಪ್ಪತ್ತಾರಕ್ಕೆ ಬಂದು ನಿಂತಳು. ಅಲ್ಲಿಂದ ಮುಂದೆ ಅಕ್ಕ ಮುಕ್ಕಾಲು ಗಂಟೆ ಪೆನ್ಸಿಲ್ ಕಚ್ಚಿದರೂ ಅಲ್ಲಾಡಲಿಲ್ಲ.

ಅಕ್ಕ ಮೂರನ್ನೂ ಒಂದು ಹಾಳೆಯಲ್ಲಿ ನೀಟಾಗಿ ಬರೆದು ಯಜಮಾನರ ಮುಂದೆ ಇಟ್ಟರು. ನಾನು ಬಾಗಿಲ ಕೆಳಗಿನ ಮೂಲೆ ಉಜ್ಜುತ್ತಿದ್ದೆ.

"ಇಪ್ಪತ್ತಾರಕ್ಕಿಂತ ಕೆಳಗೆ ಆಗಲ್ವಾ?" ಅಂದರು ಯಜಮಾನರು.

"ಆಗಲ್ಲ ಯಜಮಾನ್ರೇ. ನಾನೇ ಕೂತು ಇಳಿಸಿದ್ದೀನಿ. ಇದಕ್ಕಿಂತ ಕಡಿಮೆಗೆ ಯಾರಾದ್ರೂ ಬಂದ್ರೆ ಆ ಮಾಲಲ್ಲಿ ಏನೋ ದೋಷ ಇದೆ ಅಂತಲೇ ಅರ್ಥ."

ಹೇಳಿ ಮುಗಿಸಿದ ಮೇಲೆ ಆ ಮಾತು ಅವರ ಕಿವಿಗೇ ಬಿತ್ತು. ಯಜಮಾನರ ಕಿವಿಗೂ ಬಿದ್ದಿತ್ತು. ಅವರು ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು.

"ಹಾಗಾದ್ರೆ ಹದಿನೆಂಟಕ್ಕೆ ನಾನು ತಗೊಳ್ತಿದ್ದ ಮಾಲಲ್ಲಿ ದೋಷ ಏನಿತ್ತಮ್ಮ?"

ಅಕ್ಕ ನಿಜವಾಗಿಯೂ ಯೋಚನೆ ಮಾಡಿದರು. "ಕೇಳೋ ಬಾಯಿ ಇರಲಿಲ್ಲ" ಅಂದರು.

ಯಜಮಾನರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಹಾಳೆಯನ್ನು ಬೆರಳಿಂದ ತಟ್ಟಿದರು. "ಕಡಿಮೆ ಬೆಲೆ ಸಿಕ್ಕಿದ ಮೇಲೆ ಹಳೆ ಅಂಗಡಿಯವರನ್ನ ಮೊದಲು ಕೇಳಬೇಕು ಅಂತ ನೀನೇ ಅಲ್ವಾ ಹೇಳೋದು? ಕೇಳ್ತಾ ಇದ್ದೀನಿ. ಇಪ್ಪತ್ತಾರಕ್ಕೆ ಹಳೆ ಅಂಗಡಿ ಒಪ್ಪುತ್ತಾ?"

ಅಕ್ಕನ ತುಟಿ "ಜಾ" ಅನ್ನಲು ಹೊರಟದ್ದು ನನಗೆ ಕಂಡಿತು. ನನ್ನ ಕೈ ನಿಂತಿತು. ಎಂಟು ತಿಂಗಳ ಟ್ಯಾಂಕು, ನೆಲಮಹಡಿಯ ಬಾಗಿಲು ಎಲ್ಲ ಆ ಒಂದು ಅಕ್ಷರದ ಮೇಲೆ ನಿಂತಿತ್ತು. ಅಕ್ಕ ತಟ್ಟನೆ ಪೆನ್ಸಿಲ್ ಬಾಯಿಗಿಟ್ಟು ಕಚ್ಚಿ ಹಿಡಿದರು.

ಪಾಪ, ಅವರು ಮಾತು ಹೊರಗೆ ಬರದ ಹಾಗೆ ತಡೆದದ್ದು, ಅಷ್ಟೆ. ಆದರೆ ಆ ಪೆನ್ಸಿಲ್ ಎಂಥದ್ದು ಅಂತ ಯಜಮಾನರಿಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು. ಫ್ಯಾನ್ ತಿರುಗುತ್ತಿತ್ತು. ಯಜಮಾನರು ಕುರ್ಚಿಯಲ್ಲಿ ಆ ಕಡೆ ಈ ಕಡೆ ಹೊರಳಿದರು.

"ಸರಿ, ಶನಿವಾರ ಮಧ್ಯಾಹ್ನದ ಮೇಲೆ ರಜೆ."

ಅಕ್ಕ ಇನ್ನೂ ಬಿಗಿಯಾಗಿ ಕಚ್ಚಿದರು.

"ಇಪ್ಪತ್ತೇಳು. ಇನ್ನಾದ್ರೂ ಅದನ್ನ ಬಾಯಿಂದ ತೆಗಿಯಮ್ಮ."

ಅಕ್ಕ ತಲೆಯಾಡಿಸಿ ಹೊರಗೆ ಬಂದು, ಮರದ ರಾಶಿಯ ಮೇಲೆ ಕೂತು ಪೆನ್ಸಿಲ್ ತೆಗೆದರು. ಅದು ಎರಡು ತುಂಡಾಗಿತ್ತು.

ಷೋರೂಮಿಗೆ ಬರುತ್ತೇನೆ ಎಂದು ಮಾತು ಕೊಟ್ಟಾಗಿತ್ತಲ್ಲ. ಅಕ್ಕ ತಾವೇ ಹೋಗಿ ಬರುವುದಿಲ್ಲ ಎಂದು ಹೇಳಿ, ತಮ್ಮ ಬದಲಿಗೆ ಬಣ್ಣದಂಗಡಿಯ ಹುಡುಗಿಯನ್ನು ಅಲ್ಲಿ ಕೂರಿಸಿ ಬಂದರು. ಒಳಗೆ ಹೋಗುವ ಮೊದಲು ಅವಳ ಕಿವಿಯಲ್ಲಿ, ಅವರ ಹತ್ತಿರ ಮೂವತ್ತಿದೆ, ನೀನು ತುಟಿ ಬಿಚ್ಚಬೇಡ ಎಂದು ಹೇಳಿದರಂತೆ. ಅವಳು ಬಿಚ್ಚಲಿಲ್ಲ. ಮೂವತ್ತೇ ಸಿಕ್ಕಿತು.

ಹೊಸ ಮನೆಯ ಬಾಡಿಗೆಯನ್ನೂ ಅಕ್ಕ ಇಳಿಸಿದರು. ಅದನ್ನು ಬೇರೆ ಹೇಳಬೇಕೇ? ತಾಯಿಯನ್ನು ನಾವು ನಾಲ್ಕು ಜನ ಕೈಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದೆವು. ದಾರಿಯುದ್ದಕ್ಕೂ, ನನ್ನನ್ನ ಎತ್ತಿದ ಹಾಗೆ ಅವಳ ಸಂಬಳ ಎತ್ತೋಕೆ ಇಷ್ಟು ವರ್ಷ ಒಬ್ಬರೂ ಇರಲಿಲ್ಲವಾ ಎಂದು ನಮ್ಮನ್ನೇ ಬೈದರು. ಬೈಯಲಿ, ತಪ್ಪಿಲ್ಲ.

ನೀವೂ ಒಮ್ಮೆ ಹೋಗಿ ಬನ್ನಿ. ಮೂಲೆಯ ನೆಲಮಹಡಿ ಮನೆ, ಬಾಗಿಲ ಹೊರಗೆ ನಾನು ಪಾಲಿಶ್ ಹಾಕಿದ ಕುರ್ಚಿ, ಅದರಲ್ಲಿ ಆ ಅಮ್ಮ. ಅವರು ತಾವಾಗಿಯೇ ಮಾತಾಡಿಸುತ್ತಾರೆ, ಬೇಗ ಬಿಡುವುದಿಲ್ಲ. ಶನಿವಾರ ಮಧ್ಯಾಹ್ನ ಹೋದರೆ ಅಕ್ಕನೂ ಸಿಗುತ್ತಾರೆ. ಹಾಕಿಕೊಂಡ ಚಪ್ಪಲಿಗೆ ಎಷ್ಟು ಕೊಟ್ಟಿರಿ ಅಂತ ಮಾತ್ರ ಅವರ ಎದುರು ಹೇಳಬೇಡಿ. ನಿಮ್ಮನ್ನು ಕರೆದುಕೊಂಡು ಆ ಅಂಗಡಿಗೇ ವಾಪಸ್ ಹೊರಡುತ್ತಾರೆ.