ಸದ್ದಿನ ಚೆಂಡು ತರಲು ಹೋದದ್ದು

ಚನ್ನಪಟ್ಟಣದ ಬಸ್ಸು ಸಾತನೂರಿಗೆ ಎಂಟಕ್ಕೆ ಬರುತ್ತದೆ ಎನ್ನುತ್ತಾರೆ. ಬಂದದ್ದು ಒಂಬತ್ತಾದ ಮೇಲೆ. ಅಷ್ಟು ಹೊತ್ತು ನಾನೂ ನನ್ನ ಮೊಮ್ಮಗಳು ಭಾಗ್ಯನೂ ಟೀ ಅಂಗಡಿಯ ಜಗಲಿಯ ಮೇಲೆ ಕೂತಿದ್ದೆವು. ಭಾಗ್ಯನಿಗೆ ಹನ್ನೆರಡು ವರ್ಷ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಬಸ್ಸು ಇನ್ನೂ ತಿರುವಿನ ಆಚೆ ಇರುವಾಗಲೇ "ಬಂತು ಕಣಜ್ಜಿ" ಎಂದು ಎದ್ದು ನಿಂತಳು. ನನಗೆ ಏನೂ ಕೇಳಿಸಿರಲಿಲ್ಲ.

ಹೊರಟ ಕಾರಣ ಹೇಳುತ್ತೇನೆ. ಶಾಲೆಯಲ್ಲಿ ಆಟದ ಹೊತ್ತಿಗೆ ಇವಳನ್ನು ಬಾವುಟದ ಕಟ್ಟೆಯ ಮೇಲೆ ಕೂರಿಸಿ ಮಿಕ್ಕ ಮಕ್ಕಳ ಚಪ್ಪಲಿ, ನೀರಿನ ಬಾಟಲಿ ಕಾಯಲು ಬಿಡುತ್ತಿದ್ದರು. ವರ್ಷಗಟ್ಟಲೆ ಕಾದಳು. ಈ ಸಲ ಹೊಸದಾಗಿ ಬಂದ ಪಿ.ಟಿ. ಮೇಡಂ ಅದನ್ನು ನಿಲ್ಲಿಸಿದರು. ಚೆಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಉರುಳಿಸಿದರು. ಅದು ಸರಬರ ಎಂದ ಕಡೆಗೆ ಭಾಗ್ಯ ಅಡ್ಡ ಬಿದ್ದು ತಡೆಯುವುದನ್ನು ಕಲಿತಳು. ಆದರೆ ಕವರು ಎಷ್ಟು ದಿನ ಬಂದೀತು? ರಾಮನಗರದಲ್ಲಿ ಇಂಥ ಮಕ್ಕಳಿಗೇ ಪಂದ್ಯ ಇಟ್ಟಿದ್ದಾರೆಂದು ತಿಳಿದಾಗ ಮೇಡಂ ಚನ್ನಪಟ್ಟಣದ ಬೊಂಬೆ ಮಾಡುವವರಿಗೆ ಫೋನು ಮಾಡಿ, ಸದ್ದು ಮಾಡುವ ಮರದ ಚೆಂಡು ಮಾಡಲು ಹೇಳಿದರು. ಅದನ್ನು ತೆಗೆದುಕೊಂಡು ಮಾರನೇ ದಿನ ರಾಮನಗರ ಮುಟ್ಟಿಸುವುದು ನಮ್ಮ ಕೆಲಸ.

ಇವಳ ತಾಯಿ, ನನ್ನ ಸೊಸೆ ಜಯಮ್ಮ, ಒಂದು ಮಾತಿನ ಮೇಲೆ ಒಪ್ಪಿದ್ದಳು. "ಮೈಮೇಲೆ ಒಂದ್ ಗೀರು ಬಿದ್ರೂ ಸರಿ, ಇನ್ನ ಮೈದಾನದ ಸುದ್ದಿ ಎತ್ತಂಗಿಲ್ಲ." ಭಾಗ್ಯ ಹೂಂ ಎಂದಳು. ನಾನೂ ಹೂಂ ಎಂದೆ. ನೆಲದ ಮೇಲೆ ಬಿದ್ದು ಆಡುವ ಆಟದಲ್ಲಿ ಗೀರು ಬೀಳದೆ ಇರುತ್ತದೆಯೇ? ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೆಂಗಸರಿಗೆ ಬಸ್ಸು ಪುಕ್ಕಟೆ. ಆದರೆ ಸೀಟು ಸಿಗುವುದಿಲ್ಲ. ಸಾತನೂರು ಬಿಟ್ಟು ಒಸಿ ದೂರ ಹೋದ ಮೇಲೆ ಒಬ್ಬ ಗಂಡಸು ಎದ್ದು, "ಪಾಪ, ಕೂರ್ಸಮ್ಮ ಮಗೀನ" ಎಂದ. "ಪಾಪ ಅಂದ್ರೆ ಬ್ಯಾಡ ಕಣಣ್ಣ, ಸುಮ್ಕೆ ಕೊಟ್ರೆ ಕೂರ್ತೀನಿ" ಎಂದಳು ಭಾಗ್ಯ. ಅವನು ನಕ್ಕ. ಇವಳು ಕೂತಳು. ನಾನು ಚನ್ನಪಟ್ಟಣದವರೆಗೂ ನಿಂತೇ ಇದ್ದೆ.

ಬೊಂಬೆ ಮಾಡುವ ಬಾಷಾ ಸಾಬರ ಮನೆ ಗಲ್ಲಿಯ ಒಳಗೆ. ಬಾಗಿಲಲ್ಲೇ ಅರಗಿನ ವಾಸನೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ. ಸಾಬರು ಮಿಷನ್ನು ನಿಲ್ಲಿಸಿ ಚೆಂಡು ತಂದರು. ಎಳನೀರಿನ ಗಾತ್ರ, ಒಳಗೆ ಟೊಳ್ಳು, ಹಗುರ.

"ನೋಡಿ ಅಮ್ಮಾ, ಕೆಂಪು, ಹಳದಿ, ಹಸ್ರು, ಮೂರೂ ಹಾಕಿದೀನಿ."

"ಕಣ್ಣಿಲ್ದೋಳಿಗೆ ಬಣ್ಣ ಏತಕ್ಕೆ ಸಾಬ್ರೇ?"

"ನಿಮ್ಗೆ ಕಣ್ಣಿಲ್ವಾ?"

ನಾನು ಚೆಂಡು ತಿರುಗಿಸಿ ಮೂರು ಬಣ್ಣವನ್ನೂ ನೋಡಿ ಮೊಮ್ಮಗಳ ಕೈಗಿಟ್ಟೆ.

ಭಾಗ್ಯ ಚೆಂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನಮ್ಮದು ರೇಷ್ಮೆಹುಳ ಸಾಕುವ ಮನೆ. ಗೂಡು ಮಾರುವ ಮುಂಚೆ, ಒಳಗಿನ ಹುಳ ಗಟ್ಟಿಯಾಗಿ ಗಲಗಲ ಎನ್ನುತ್ತದೆಯೇ ಎಂದು ಹೀಗೆಯೇ ಅಲ್ಲಾಡಿಸಿ ನೋಡುತ್ತೇವೆ. ಹುಳ ಸೊಪ್ಪು ಮೇಯುವ ಸದ್ದು ಇಳಿದರೆ, ಪೊರೆ ಬಿಡಲು ಕೂತಿವೆ, ಇನ್ನು ಸೊಪ್ಪು ಹಾಕಬೇಡಿ ಎಂದು ಮೊದಲು ಹೇಳುವವಳೂ ಇವಳೇ. ಇವಳ ಕಿವಿಯ ಮೇಲೆ ನನಗೆ ನಂಬಿಕೆ.

"ಇದು ಮಗ ಮಲಗ್ಸೋ ಸದ್ದು ಸಾಬ್ ತಾತ" ಎಂದಳು. "ಮೈದಾನದಲ್ಲಿ ಕೇಳಕಿಲ್ಲ."

ಸಾಬರು ತಲೆ ಕೆರೆದುಕೊಂಡು ನಕ್ಕರು. ಅವರ ಅಪ್ಪನ ಕಾಲದಿಂದ ತೊಟ್ಟಿಲ ಮಕ್ಕಳ ಗಿಲಕಿ ಮಾಡಿದ ಕೈ. ಮಗು ಬೆಚ್ಚಬಾರದೆಂದು ಸಣ್ಣ ಮಣಿ ಹಾಕುವುದು ರೂಢಿ. ಚೆಂಡಿಗೂ ಅದನ್ನೇ ಹಾಕಿಬಿಟ್ಟಿದ್ದರು. "ಆದತ್ ಬಿಡಲ್ಲ ಬೇಟಿ, ಕೈ ಅಭ್ಯಾಸ" ಎಂದು ಬಿರಡೆ ಕಿತ್ತು ಮಣಿ ಸುರಿದರು. ಅವರ ಹೆಂಡತಿ ಅಡುಗೆಮನೆಯಿಂದ ಹುಣಸೆ ಬೀಜ ತಂದರು. ಸಾಬರು ಹಿಡಿ ತುಂಬ ಹಾಕಹೋದಾಗ ಭಾಗ್ಯ, "ಸಾಕು ಸಾಕು, ತುಂಬುದ್ರೆ ಮೂಕ ಆಯ್ತದೆ" ಎಂದಳು. ಸಾಬರು ಸುತ್ತಲೂ ನಾಲ್ಕಾರು ಸಣ್ಣ ತೂತು ಕೊರೆದರು. ಅಂಗಳದಲ್ಲಿ ಉರುಳಿಸಿದಾಗ ಪಕ್ಕದ ಮನೆಯವರು ಕಿಟಕಿ ತೆರೆದು ಏನದು ಎಂದು ಕೇಳಿದರು. ಅಷ್ಟು ಸದ್ದು.

ರಾತ್ರಿ ದೊಡ್ಡಮಳೂರಿನ ನನ್ನ ತಂಗಿಯ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಬೆಳಿಗ್ಗೆ ಚನ್ನಪಟ್ಟಣದಿಂದ ರೈಲು ಹತ್ತಿದೆವು. ಕೂತು ಒಂದು ವಡೆ ತಿನ್ನುವಷ್ಟರಲ್ಲಿ ರಾಮನಗರ. ಹೊರಗೆ ಬಂಡೆ ಬೆಟ್ಟಗಳು ಕಂಡವು. "ಎಷ್ಟು ದೊಡ್ಡವು?" ಎಂದು ಭಾಗ್ಯ ಕೇಳಿದಳು. "ನಮ್ಮನೆ ಮೇಲೆ ನಮ್ಮನೆ ಇಟ್ಟು, ನಿಂಗೆ ಬ್ಯಾಸರ ಆಗಗಂಟ ಇಡ್ತಾ ಹೋಗು" ಎಂದೆ.

ಮೈದಾನದಲ್ಲಿ ಬಿಸಿಲು ಆಗಲೇ ಏರಿತ್ತು. ಮೇಡಂ ನಮ್ಮ ಕಡೆಯ ಇನ್ನಿಬ್ಬರು ಮಕ್ಕಳೊಂದಿಗೆ ಮೊದಲೇ ಬಂದಿದ್ದರು. ಸುಣ್ಣದ ಗೆರೆ ಈ ಮಕ್ಕಳಿಗೆ ಕಾಣದು. ಅದಕ್ಕೆ ಹಗ್ಗ ಹಾಸಿ ಮೇಲೆ ಟೇಪು ಅಂಟಿಸಿದ್ದರು, ಕೈಗೆ ಸಿಗಲಿ ಎಂದು. ಒಂದೊಂದು ಕಡೆಗೆ ಮೂವರು. ಒಬ್ಬರಿಗೆ ಮಬ್ಬಾಗಿ ಕಂಡು ಇನ್ನೊಬ್ಬರಿಗೆ ಕಾಣದಿದ್ದರೆ ನ್ಯಾಯವಲ್ಲ, ಹಾಗಾಗಿ ಎಲ್ಲರ ಕಣ್ಣಿಗೂ ಬಟ್ಟೆ. ಎದುರಿನವರು ಉರುಳಿಸಿದ ಚೆಂಡು ನಮ್ಮ ಹಗ್ಗ ದಾಟಿದರೆ ಅವರಿಗೆ ಗೋಲು. ಎದುರಿಗಿದ್ದದ್ದು ಮಾಗಡಿಯ ಮಕ್ಕಳು.

ಮೊದಲ ಚೆಂಡು ಬಂದಾಗ ಜನ ಶಿಳ್ಳೆ, ಚಪ್ಪಾಳೆ, ಕೂಗು. ಭಾಗ್ಯ ಎಡಕ್ಕೆ ಬಿದ್ದಳು, ಚೆಂಡು ಬಲಕ್ಕೆ ಹೋಯಿತು. ಗೋಲು. ಆಮೇಲೆ ನಮ್ಮವರು ಉರುಳಿಸಿದಾಗ ಮಾಗಡಿಯವರಿಗೂ ಹಾಗೇ ಆಯಿತು. ಮೇಡಂ ಪೀಪಿ ಊದಿದರು, ಯಾರೂ ಕೇಳಲಿಲ್ಲ. ನಾನು ಎದ್ದೆ.

"ಬಾಯ್ ಮುಚ್ರಲಾ! ಚೆಂಡಿನ ಸದ್ದು ಕೇಳ್ಬೇಕಲ್ಲ ಮಕ್ಳಿಗೆ!"

"ಯಾರಮ್ಮ ನೀನು?" ಎಂದ ಮಾಗಡಿ ಕಡೆಯ ಒಬ್ಬ ತಂದೆ.

"ಕನಕಪುರದ ಕಡೆಯೋಳು. ನೀನ್ ಕಿರುಚುದ್ರೆ ನಿನ್ ಮಗಳಿಗೂ ಕೇಳಕಿಲ್ಲ. ಕಿರುಚು, ನಂಗೇನು?"

ಅವನು ಕೂತ. ಪಕ್ಕದವನ ಬಾಯನ್ನೂ ಅವನೇ ಮುಚ್ಚಿಸಿದ. ಅಷ್ಟು ಜನ ಸೇರಿ ಉಸಿರು ಬಿಗಿಹಿಡಿದದ್ದನ್ನು ನಾನು ಯಾವ ಆಟದಲ್ಲೂ ಕಂಡಿರಲಿಲ್ಲ. ಹುಣಸೆ ಬೀಜದ ಗಲಗಲ ಒಂದೇ. ಇಬ್ಬರಿಗೂ ಒಂದೊಂದು ಗೋಲು ಆಗಿ, ಕೊನೆಯ ಸುತ್ತು ಉಳಿಯಿತು. ಮಾಗಡಿಯ ಎತ್ತರದ ಹುಡುಗಿ ಬೀಸಿ ಉರುಳಿಸಿದಳು. ಭಾಗ್ಯ ತಲೆ ಓರೆ ಮಾಡಿದಳು, ಬಲಕ್ಕೆ ಪೂರ್ತಿ ಮೈ ಚಾಚಿ ಬಿದ್ದಳು. ಚೆಂಡು ಅವಳ ಹೊಟ್ಟೆಗೆ ಬಡಿದು ನಿಂತಿತು. ಎದ್ದವಳೇ ಬೆರಳಿನಲ್ಲಿ ಹಗ್ಗ ಮುಟ್ಟಿ ದಿಕ್ಕು ಹಿಡಿದು ತಿರುಗಿ ಉರುಳಿಸಿದಳು. ಮೂವರ ನಡುವಿನಿಂದ ಸೀದಾ ದಾಟಿತು.

ಆಗ ಕಿರುಚಿದವಳು ನಾನೇ. ಮೇಡಂ ಕೈಮುಗಿದು, "ಈಗ ಕೂಗಬಹುದು ಅಜ್ಜಿ, ಆಟ ಮುಗೀತು" ಎಂದರು. ಮಾಗಡಿಯ ಆ ತಂದೆ ಬಂದು, ಚೆಂಡು ಮಾಡಿದವರ ಮನೆ ಎಲ್ಲಿ ಎಂದು ಕೇಳಿಕೊಂಡು ಹೋದ.

ಭಾಗ್ಯನ ಬಲ ಮೊಣಕೈ ಅಂಗೈಯಗಲ ತರಚಿತ್ತು. ಪದಕ ಸಿಕ್ಕಿದ್ದು ಹಾಗಿರಲಿ, ಅವಳಿಗೆ ಅದೇ ಚಿಂತೆ. ಕನಕಪುರದ ಬಸ್ಸಿನಲ್ಲಿ ಅಂಗಿಯ ತೋಳನ್ನು ಎಳೆದೆಳೆದು ಮುಚ್ಚಿಕೊಂಡಳು. "ಮುಚ್ಚಬ್ಯಾಡ" ಎಂದೆ. "ಕದ್ದು ಆಡಿಲ್ಲ ನೀನು."

ಹೊತ್ತು ಮುಳುಗುವ ಮುಂಚೆ ಮನೆ ಸೇರಿದೆವು. ಜಯಮ್ಮ ಮೊದಲು ನೋಡಿದ್ದೇ ಮೊಣಕೈ. "ನಾನ್ ಏನ್ ಹೇಳಿದ್ದೆ ಅತ್ತೆ?"

"ನಿನ್ ಕೈ ತೋರ್ಸು" ಎಂದೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಅವಳ ಬೆರಳ ತುಂಬ ಕುಡುಗೋಲಿನ ಗೀರು. "ಇದ್ಕೆ ನೀನು ತೋಟಕ್ಕೆ ಹೋಗೋದು ಬುಟ್ಟಿದ್ದೀಯಾ?"

ಅವಳು ಮಗಳ ಕೈಯಿಂದ ಚೆಂಡು ತೆಗೆದುಕೊಂಡು, ಗೂಡು ನೋಡುವ ಹಾಗೆ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಆಮೇಲೆ ಅಂಗಳದ ಆ ತುದಿಗೆ ಹೋಗಿ, ಹೇಳದೆ ಕೇಳದೆ, ಜೋರಾಗಿ ಉರುಳಿಸಿದಳು. ಭಾಗ್ಯ ಎಡಕ್ಕೆ ಬಿದ್ದು ಹಿಡಿದಳು.

ಎಡ ಮೊಣಕೈಯೂ ತರಚಿತು. ಜಯಮ್ಮ "ಇತ್ಲಾಗೆ ಉರುಳ್ಸು" ಎಂದು ಸೆರಗು ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತಳು.